ಮಳೆಗಾಲದಲ್ಲಿ ಶುಗರ್ ಏರಿದರೆ ಗುರುತಿಸುವುದು, ಹಿಡಿತಕ್ಕೆ ತರುವುದು

ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ಕೊಡಗಿನಲ್ಲಿ ಚಳಿಯ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಚಳಿಗೆ ಮೂತ್ರ ಹೆಚ್ಚಬಹುದು, ಬಾಯಾರಿಕೆ ಹೆಚ್ಚುವುದಿಲ್ಲ. ಎರಡೂ ಜೊತೆಗಿದ್ದರೆ, ಕಣ್ಣು ಮಂಜಾದರೆ, ಕಾರಣವಿಲ್ಲದೆ ತೂಕ ಇಳಿದರೆ ರಕ್ತ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಗೆ ಶುಗರ್ 126 mg/dL ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಶೇಕಡಾ 6.5 ಅಥವಾ ಹೆಚ್ಚು ಬಂದರೆ ಡಯಾಬಿಟೀಸ್. ಲಕ್ಷಣಗಳಿಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರುಮಾಡಿ ಎರಡು ಗಂಟೆಗೆ 180ರೊಳಗೆ ಇರಬೇಕು. ವಯಸ್ಸಾದವರಿಗೆ ಡಾಕ್ಟರು ಈ ಗುರಿಯನ್ನು ಸಡಿಲಿಸಬಹುದು.

ಮನೆಯಲ್ಲಿ ಶುಗರ್ ನೋಡುವ ಮೀಟರ್ 280 ತೋರಿಸಿದ ಕೂಡಲೇ ಗಾಬರಿಯಾಗಬೇಡಿ, ಮೊದಲು ಬೆರಳು ನೋಡಿ. ಕಿತ್ತಳೆ ಸುಲಿದ ಅಥವಾ ಜೇನು ಮುಟ್ಟಿದ ಬೆರಳಲ್ಲಿ ಉಳಿದ ಸಕ್ಕರೆಯೇ ಸಂಖ್ಯೆಯನ್ನು ಏರಿಸುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಸಂಖ್ಯೆ ತಪ್ಪುತ್ತದೆ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ನಮ್ಮ ಜೂನ್-ಜುಲೈನ ತೇವಕ್ಕೆ ಮೀಟರಿಗೆ ಹಾಕುವ ಸ್ಟ್ರಿಪ್ ಬೇಗ ಹಾಳಾಗುತ್ತದೆ: ಒಂದನ್ನು ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ, ಬೇರೆ ಡಬ್ಬಿಗೆ ತುಂಬಬೇಡಿ.

ಇನ್ನು ತಟ್ಟೆ. ಪಂದಿ ಕರಿಯನ್ನು (ಹಂದಿ ಮಾಂಸದ ಪಲ್ಯ) ಬೈಯುವವರು ಪಕ್ಕದ ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ಎಣಿಸುವುದಿಲ್ಲ. ಕೊಬ್ಬಿನ ಕಾರಣಕ್ಕೆ ಪಂದಿ ಮಿತಿಯಲ್ಲಿರಲಿ, ಆದರೆ ಶುಗರ್ ಏರಿಸುವುದು ಮುಖ್ಯವಾಗಿ ಅಕ್ಕಿ. ಅಕ್ಕಿ ಒಟ್ಟಿ, ನೂಪುಟ್ಟು, ಪಾಪುಟ್ಟು ಎಲ್ಲವೂ ಅದೇ ಅಕ್ಕಿ. ನಾಲ್ಕು ಕಡಂಬುಟ್ಟು ತಿನ್ನುವಲ್ಲಿ ಎರಡು ಸಾಕು. ಉಳಿದ ಜಾಗಕ್ಕೆ ಕಳಲೆ, ಸೊಪ್ಪು, ಬೀನ್ಸ್ ಬರಲಿ. ಬೆಲ್ಲದ ಕಾಫಿ ಸಕ್ಕರೆ ಕಾಫಿಗಿಂತ ಒಳ್ಳೆಯದೆಂಬ ನಂಬಿಕೆ ಬಿಡಿ. ಲೋಟಕ್ಕೆ 10 ಗ್ರಾಂ ಬೆಲ್ಲವೆಂದರೂ ದಿನಕ್ಕೆ ನಾಲ್ಕು ಲೋಟಕ್ಕೆ 40 ಗ್ರಾಂ! ಊಟವಾದ ಮೇಲೆ 15 ನಿಮಿಷ ನಡೆಯಿರಿ. ಮಳೆಯಿದ್ದರೆ ಜಗಲಿಯಲ್ಲೇ ಸಾಕು.

ಜ್ವರ ಬಂದಾಗ ಊಟ ಬಿಟ್ಟರೂ ಶುಗರ್ ಏರುತ್ತದೆ. ಆಗ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಅಂದಾಜಿನಲ್ಲಿ ಹೆಚ್ಚೂ ಹಾಕಬೇಡಿ, ಶುಗರ್ ದಿಢೀರ್ ಕುಸಿದರೆ ಅದೂ ಅಪಾಯವೇ. ಎಷ್ಟು ಹಾಕಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನೀರು ಕುಡಿಯುತ್ತಾ (ಹೃದಯ, ಕಿಡ್ನಿಯ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅಷ್ಟೇ) ನಾಲ್ಕು ಗಂಟೆಗೊಮ್ಮೆ ಪರೀಕ್ಷಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ, ಮಂಪರು ಇವುಗಳಲ್ಲಿ ಯಾವುದು ಕಂಡರೂ, ಅಥವಾ 300ರ ಮೇಲೇ ನಿಂತುಬಿಟ್ಟರೆ, ತಕ್ಷಣ ಆಸ್ಪತ್ರೆಗೆ ಹೊರಡಿ. ಬೆಳಿಗ್ಗೆ ನೋಡೋಣವೆಂದರೆ ಅಷ್ಟರಲ್ಲಿ ರಸ್ತೆಗೆ ಮರ ಬಿದ್ದಿರಬಹುದು. ಅದಕ್ಕಾಗಿಯೇ ಜೂನಿಗೆ ಮೊದಲೇ ಎರಡು ವಾರದ ಹೆಚ್ಚುವರಿ ಮಾತ್ರೆ, ಇನ್ಸುಲಿನ್ ಮನೆಯಲ್ಲಿರಲಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಿ ಅಲ್ಲ. ಬಳಸುತ್ತಿರುವುದು ಹೊರಗಿನ ತಂಪಿನಲ್ಲಿ ಸಾಮಾನ್ಯವಾಗಿ 28 ದಿನ ಇರುತ್ತದೆ, ಕರೆಂಟು ಹೋಯಿತೆಂದು ಎಸೆಯಬೇಡಿ.

ತೋಟದಿಂದ ಬಂದವರು ಗಂಬೂಟು ಕಳಚಿ ಪಾದ ನೋಡಿಕೊಳ್ಳಿ. ಶುಗರಿನಿಂದ ಸ್ಪರ್ಶ ಕುಂದಿದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಜಿಗಣೆ ಕಚ್ಚಿದ ಜಾಗ ತೊಳೆಯಿರಿ, ಬೆರಳ ಸಂದು ಒರೆಸಿ. ಗಾಯ ಕೆಂಪಾದರೆ ಅಥವಾ ಎರಡು ದಿನದಲ್ಲಿ ಒಣಗುವ ಹಾಗೆ ಕಾಣದಿದ್ದರೆ ಡಾಕ್ಟರಿಗೆ ತೋರಿಸಿ.