ಡ್ರಮ್ಸಿಗೆ ಮೈಕ್ ಬೇಡ: ಪಂಕ್ ಕಾಲದ ಲಂಡನ್ ನೆಲಮಾಳಿಗೆಗಳಲ್ಲಿ ನಾನು ಸೌಂಡ್ ಮಾಡಿದ ರೀತಿ

1975ರ ಲಂಡನ್ನಿನಲ್ಲಿ ರಾಕ್ ಶೋ ಅಂದರೆ ದೊಡ್ಡದೇ ಆಗಿರಬೇಕಿತ್ತು. ಆ ವರ್ಷ ಮೇ ತಿಂಗಳಲ್ಲಿ ಅರ್ಲ್ಸ್ ಕೋರ್ಟ್‌ನಲ್ಲಿ ಲೆಡ್ ಜೆಪೆಲಿನ್ ಐದು ರಾತ್ರಿ ನುಡಿಸಿದರು, ಒಂದೊಂದು ರಾತ್ರಿಗೂ ಸುಮಾರು 17,000 ಜನ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ತಂಡ 1974ರಲ್ಲಿ 26,000 ವ್ಯಾಟ್‌ಗೂ ಮೀರಿದ ಸ್ಪೀಕರ್ ಗೋಡೆಯನ್ನೇ ಕಟ್ಟಿ, ಖರ್ಚು ತಾಳಲಾರದೆ ಅದೇ ವರ್ಷ ಬಿಚ್ಚಿಟ್ಟಿತು. ಸೌಂಡ್‌ನವರ ತಲೆಯಲ್ಲಿ ಇದ್ದದ್ದು ಇದೇ ಅಳತೆ. 250 ಜನ ಹಿಡಿಯುವ ನೆಲಮಾಳಿಗೆಗೂ ಬಾಸ್ ಬಿನ್, ಹಾರ್ನ್ ಅನ್ನೋ ದೊಡ್ಡ ಸ್ಪೀಕರುಗಳು, 16 ಚಾನೆಲ್ ಮಿಕ್ಸರ್ ಹೊತ್ತು ತರುತ್ತಿದ್ದರು. ಹಾಡಿಗೆ ಮಾತ್ರ ಪಿಎ (ಜನರಿಗೆ ಕೇಳಿಸುವ ಆಂಪ್, ಸ್ಪೀಕರ್ ಸೆಟ್) ಸಾಕು, ಡ್ರಮ್ಸಿಗೆ ಮೈಕೇ ಬೇಡ ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ಅದು ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಅದಕ್ಕೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಚಿಕ್ಕ ಪಿಎ ಪಂಕ್‌ನವರು ಹುಟ್ಟಿಸಿದ್ದಲ್ಲ. ಡಾಕ್ಟರ್ ಫೀಲ್‌ಗುಡ್‌ನಂಥ ಪಬ್ ರಾಕ್ ತಂಡಗಳು ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್, ವೆಸ್ಟ್ ಕೆನ್ಸಿಂಗ್ಟನ್ನಿನ ನ್ಯಾಶ್‌ವಿಲ್ ತರಹದ ಜಾಗಗಳಲ್ಲಿ ಮೊದಲೇ ಆ ದಾರಿ ತುಳಿದಿದ್ದವು. ಪಂಕ್ ಬಂದಮೇಲೆ ಬದಲಾಗಿದ್ದು ಎದುರಿಗಿದ್ದ ಜನ. ಮೊದಲು ಕೂತು ಕೇಳುತ್ತಿದ್ದವರು ಈಗ ಎದ್ದು ಕುಣಿದರು, ವೇದಿಕೆ ಹತ್ತಿದರು, ಉಗುಳಿದರು. ಸಾಮಾನು ಕಟ್ಟುವ ಕ್ರಮವೆಲ್ಲ ಆ ನೂಕುನುಗ್ಗಲನ್ನು ಹಿಡಿದೇ ಬದಲಾಗಬೇಕಾಯಿತು.

ಲೆಕ್ಕ ಹೀಗೆ. ತಗ್ಗು ಛಾವಣಿಯ ಕೋಣೆಯಲ್ಲಿ ಸದ್ದಿನ ಮಟ್ಟ ನಿಗದಿ ಮಾಡೋದು ಸ್ನೇರ್, ಅಂದರೆ ಡ್ರಮ್ ಸೆಟ್ಟಿನ ಚೂಪು ಸದ್ದಿನ ಡ್ರಮ್. ಅದನ್ನು ತಗ್ಗಿಸಲಾಗದು, ಏರಿಸುವ ಅಗತ್ಯವೂ ಇಲ್ಲ. ಗಿಟಾರ್ ಅದಕ್ಕೆ ಸರಿಸಮ, ಹಾಡು ಇವೆರಡರ ಮೇಲೆ. ಹಾಡಿಗೆ ಬದಿಗೊಂದು 200 ವ್ಯಾಟ್ ಧಾರಾಳ ಸಾಕು. ತೊಂದರೆ ಕೊಡೋದು 100 ವ್ಯಾಟ್ ಮಾರ್ಷಲ್ ಹೆಡ್ (ಸ್ಪೀಕರಿಲ್ಲದ ಗಿಟಾರ್ ಆಂಪ್), ಅದರ ಕೆಳಗೆ ನೆಲಕ್ಕಿಟ್ಟ ನಾಲ್ಕು ಸ್ಪೀಕರಿನ ಡಬ್ಬ. ಅದರ ಚೂಪು ಸದ್ದು ಗಿಟಾರಿನವನ ಮೊಣಕಾಲಿಗೆ ಬಡಿದು ಮುಂದೆ ಹೋಗಿ ಮೂರನೇ ಸಾಲಿನವರ ಕಿವಿ ಸೀಳುತ್ತೆ. ಅವನಿಗೆ ಮಾತ್ರ ಕೇಳಿಸಲ್ಲ, ಇನ್ನಷ್ಟು ಏರಿಸ್ತಾನೆ. ಅದರ ಬದಲು ವಾಕ್ಸ್ ಎಸಿ 30 ತರಹದ ಕಾಂಬೊವನ್ನು (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿರೋದು) ಬಿಯರ್ ಕ್ರೇಟಿನ ಮೇಲಿಟ್ಟು, ಹಿಂದಕ್ಕೆ ವಾಲಿಸಿ, ನೇರ ಅವನ ಕಿವಿಗೇ ಗುರಿ ಮಾಡಬೇಕು. ತಾನಾಗಿಯೇ ತಗ್ಗಿಸ್ತಾನೆ. ಬಾಯಲ್ಲಿ ಹೇಳಿದರೆ ಯಾವ ಗಿಟಾರಿನವನೂ ಕೇಳಲ್ಲ.

ಪಿಎಯ ಕಾಲಂ ಸ್ಪೀಕರುಗಳ (ಕಂಬದ ಹಾಗಿರುವ ಉದ್ದನೆಯ ಸ್ಪೀಕರ್ ಡಬ್ಬ) ಕೆಳ ಅಂಚು ನಿಂತವರ ತಲೆಗಿಂತ ಮೇಲಿರಬೇಕು, ಅಂದರೆ ಆರಡಿಗೆ ಕಮ್ಮಿ ಇಲ್ಲ. ಕೆಳಗಿಟ್ಟರೆ ಚೂಪು ಸದ್ದನ್ನೆಲ್ಲ ಮೊದಲ ಎರಡು ಸಾಲಿನ ಮೈಗಳೇ ನುಂಗಿ, ಹಿಂದಿನವರಿಗೆ ಗೊಗ್ಗರು ಸದ್ದು ಮಾತ್ರ ಉಳಿಯುತ್ತೆ. ಮೈಕಿನ ಗೆರೆಯಿಂದ ನಾಲ್ಕೈದು ಅಡಿ ಮುಂದೆ ಇಡಬೇಕು. ಗೋಡೆಗೋ ಕಂಬಕ್ಕೋ ಹಗ್ಗ ಹಾಕಿ ಬಿಗಿಯೋದನ್ನು ಮರೆಯಬಾರದು, ಜನ ಒಮ್ಮೆ ನೂಕಿದರೆ ಸ್ಟ್ಯಾಂಡ್ ನಿಲ್ಲಲ್ಲ. ಖಾಲಿ ಕೋಣೆಯ ಸೌಂಡ್‌ಚೆಕ್‌ನಲ್ಲಿ ಕಿವಿಗೆ ಇಂಪಾದರೆ ಅದು ತಪ್ಪು ಸೆಟಿಂಗ್. ಸ್ವಲ್ಪ ಕೀರಲಾಗಿಯೇ ಬಿಡಬೇಕು, ಜನ ತುಂಬಿ ಬೆವರಿದಮೇಲೆ ಸರಿಹೋಗುತ್ತೆ.

ಇನ್ನು ಮೈಕ್. ಶೂರ್ 58 ಮೈಕಿನ ಜಾಲರಿಯನ್ನು ಹಾಡುವವನು ಮುಷ್ಟಿಯಲ್ಲಿ ಮುಚ್ಚಿದ ಅಂದರೆ ಹಿಂಬದಿಯ ತೂತುಗಳು ಮುಚ್ಚಿಹೋಗಿ, ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕೂಗುತ್ತೆ. ಮಾನಿಟರನ್ನು (ಹಾಡುವವನಿಗೆ ಅವನ ದನಿ ಕೇಳಿಸುವ ಸ್ಪೀಕರ್) ಮೈಕಿನ ಬೆನ್ನಿಗೆ ಸರಿಯಾಗಿ ಇಟ್ಟಿದ್ದೂ ಆಗ ವ್ಯರ್ಥ. ಪಂಕ್ ಹಾಡುಗಾರರು ಎಲ್ಲರೂ ಹೀಗೇ ಹಿಡಿಯೋರು. ಹಾಗಾಗಿ ಒಂದೇ ಮಾನಿಟರ್, ಅದೂ ಕಮ್ಮಿ, 2ರಿಂದ 3 ಕಿಲೋಹರ್ಟ್ಸ್ ಸುತ್ತಲಿನ ಚೂಪು ಸದ್ದನ್ನು ಚೆನ್ನಾಗಿ ತಗ್ಗಿಸಿ. ಇದರ ಜೊತೆ ಮಾನಿಟರ್ ತಂತಿಯಲ್ಲಿ ಇನ್ನೊಂದು ಕೆಲಸ ಮಾಡ್ತಿದ್ದೆ. ಅದನ್ನು ಇಲ್ಲಿ ಬರೆಯಲ್ಲ.

ಉಗುಳು, ಬಿಯರ್ ಎರಡೂ ಜಾಲರಿಯೊಳಗಿನ ಸ್ಪಂಜಿಗೆ ಇಳಿದು ಒಣಗಿ ಗಟ್ಟಿಯಾಗುತ್ತೆ, ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಪ್ರತಿ ರಾತ್ರಿ ಜಾಲರಿ ತಿರುಗಿಸಿ ಬಿಚ್ಚಿ, ಪಾತ್ರೆ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಹಾಕಬೇಕು. ಎರಡು ಮೂರು ಜಾಲರಿ ಜೇಬಿನಲ್ಲೇ ಇರಲಿ. ಬೂಮ್ ಸ್ಟ್ಯಾಂಡ್ (ಅಡ್ಡ ಕೈ ಇರೋದು) ಬೇಡ, ಮುರಿಯುತ್ತೆ. ಎರಕದ ಗುಂಡು ತಳದ ನೇರ ಸ್ಟ್ಯಾಂಡ್, ತಳಕ್ಕೆ ಕೇಬಲ್ ಒಂದು ಸುತ್ತು, ಕನೆಕ್ಟರಿಗೆ ಗ್ಯಾಫರ್ ಟೇಪ್.

ಗ್ರೇಟ್‌ಫುಲ್ ಡೆಡ್‌ನವರ ಜೋಡಿ ಮೈಕ್ ಉಪಾಯವನ್ನೂ ಇಲ್ಲಿ ಪ್ರಯೋಗಿಸಿ ನೋಡಿದ್ದುಂಟು. ಎರಡು ಮೈಕ್ ಒಂದರ ಮೇಲೊಂದು, ಒಂದರ ಫೇಸ್, ಅಂದರೆ ಸಿಗ್ನಲಿನ ಏರಿಳಿತ, ತಲೆಕೆಳಗು ಮಾಡಿ, ಒಂದಕ್ಕೆ ಮಾತ್ರ ಹಾಡೋದು. ದೂರದ ಸದ್ದು ಎರಡಕ್ಕೂ ಸಮನಾಗಿ ಬಂದು ಕಳೆದುಹೋಗುತ್ತೆ. ಅಲುಗದೆ ನಿಂತು ಹಾಡುವವನಿಗೆ ಸರಿ. ಪಂಕ್ ಹುಡುಗ ಎರಡನ್ನೂ ಒಟ್ಟಿಗೆ ಬಾಯಿಗೆ ತುರುಕಿಕೊಳ್ತಾನೆ, ಅವನ ದನಿಯೇ ಅಳಿಸಿಹೋಗುತ್ತೆ. ಕೈಬಿಟ್ಟೆ.

ಕರೆಂಟಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1972ರ ಮೇ ತಿಂಗಳಲ್ಲಿ ಸ್ವಾನ್ಸೀಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಲೆಸ್ ಹಾರ್ವಿ, ಅರ್ತಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ಆಮೇಲೂ ಹಮ್ (ಗುಂಯ್ ಅನ್ನೋ ಸದ್ದು) ಬಂತು ಅಂತ ಪ್ಲಗ್ಗಿನ ಅರ್ತ್ ತಂತಿ ಕತ್ತರಿಸುವವರು ಇದ್ದರು. ಕತ್ತರಿಸಬೇಡಿ. ಸಿಗ್ನಲ್ ಕೇಬಲಿನ ಶೀಲ್ಡ್ (ಹೊರಸುತ್ತಿನ ಹೆಣೆದ ತಂತಿ) ಒಂದು ಕೊನೆಯಲ್ಲಿ ಮಾತ್ರ ಬಿಚ್ಚಿ, ಹಮ್ ಹೋಗುತ್ತೆ. ಗಿಟಾರ್ ಆಂಪ್, ಪಿಎ ಎರಡಕ್ಕೂ ಒಂದೇ ಸಾಕೆಟ್: 13 ಆಂಪ್, 240 ವೋಲ್ಟ್, ಅಂದರೆ ಸುಮಾರು 3,000 ವ್ಯಾಟ್, ನಮ್ಮ ಸಾಮಾನಿಗೆ ಅರ್ಧವೂ ಬೇಕಿಲ್ಲ. ಲೈಟ್ ಬೇರೆ ಸರ್ಕ್ಯೂಟಿಗೆ. ಬಾಗಿಲು ತೆರೆಯುವ ಮುಂಚೆ ಗಿಟಾರಿನ ತಂತಿಗೂ ಮೈಕ್ ಜಾಲರಿಗೂ ನಡುವೆ ವೋಲ್ಟ್ ಮೀಟರ್ ಹಿಡಿದು ನೋಡಿ. ಮುಳ್ಳು ಅಲುಗಿದರೆ ಯಾರೂ ಹಾಡಬಾರದು, ಎಷ್ಟೇ ತಡವಾಗಲಿ.

ದುಡ್ಡಿನ ಮಾತು, ನೆನಪಿದ್ದಷ್ಟು. ಬಾಗಿಲಲ್ಲಿ 75 ಪೆನ್ಸ್, 200 ಜನ, 150 ಪೌಂಡ್. ಆಳುಗಳ ಸಮೇತ ದೊಡ್ಡ ಪಿಎ ಬಾಡಿಗೆಗೇ 80, 90 ಹೋಗೋದು. ಮೂರು ತಂಡ ಉಳಿದದ್ದನ್ನು ಹಂಚಿಕೊಂಡರೆ ವ್ಯಾನಿನ ಪೆಟ್ರೋಲೂ ಗಿಟ್ಟಲ್ಲ. ಎಚ್‌ಎಚ್ ಆಂಪ್, ನಾಲ್ಕು ಕಾಲಂ, ಆರು ಮೈಕ್ ಸೆಕೆಂಡ್ ಹ್ಯಾಂಡಿನಲ್ಲಿ 300 ಪೌಂಡಿನ ಆಸುಪಾಸು ಬಿತ್ತು. ರಾತ್ರಿಗೆ 20, 25 ತಗೊಂಡು ಒಂದೇ ಚಳಿಗಾಲದಲ್ಲಿ ಅಸಲು ಬಂತು. ಎಲ್ಲ ತಂಡಕ್ಕೂ ಒಂದೇ ಡ್ರಮ್ ಸೆಟ್ ಇಟ್ಟರೆ ತಂಡ ಬದಲಾಯಿಸಲು ಹತ್ತು ನಿಮಿಷ, ಸ್ನೇರ್ ಮತ್ತು ಸಿಂಬಲ್ ಮಾತ್ರ ಅವರವರದ್ದು.

ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್‌ನಲ್ಲಿ 1976ರ ಸೆಪ್ಟೆಂಬರ್ 20, 21ರಂದು ನಡೆದ ಪಂಕ್ ಹಬ್ಬದ ಎರಡನೇ ರಾತ್ರಿ, ಎಸೆದ ಗ್ಲಾಸ್ ಕಂಬಕ್ಕೆ ಬಡಿದು ಒಡೆದು ಒಬ್ಬ ಹುಡುಗಿಯ ಕಣ್ಣಿಗೆ ಏಟಾಯಿತು. ಕ್ಲಬ್ ಪಂಕ್‌ಗೆ ಬಾಗಿಲು ಹಾಕಿತು. ಅಂದಿನಿಂದ ಪ್ಲಾಸ್ಟಿಕ್ ಲೋಟ ಕೊಡುವ ಜಾಗವಾದರೆ ಮಾತ್ರ ಸಾಮಾನು ಇಳಿಸೋದು ಅಂತ ನಿಯಮ ಮಾಡಿಕೊಂಡೆ.

ಈ ಕ್ರಮ 400 ಜನರವರೆಗೆ ನಡೆಯುತ್ತೆ. 1977ರ ಮೇ ತಿಂಗಳಲ್ಲಿ ದಿ ಕ್ಲ್ಯಾಶ್ ತಂಡ ರೇನ್‌ಬೋ ಥಿಯೇಟರಿಗೆ ಹೋದಾಗ, ಜನ ಕುರ್ಚಿಗಳನ್ನೇ ಕಿತ್ತುಹಾಕಿದ ಆ ರಾತ್ರಿಯಂಥ ಕಡೆ, ಇದು ಸಾಲಲ್ಲ. ಅಷ್ಟು ದೊಡ್ಡ ಜಾಗವಾದರೆ ಮೊದಲು ಕಿಕ್ ಡ್ರಮ್ಮಿಗೆ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಒಂದು ಮೈಕ್ ಇಡಿ. ಆಮೇಲೂ ಹಿಂದಿನ ಸಾಲಿಗೆ ಸ್ನೇರ್ ಕೇಳದಿದ್ದರೆ ಮಾತ್ರ ಎರಡನೆಯದು.