ಸೆಳವು, ಗಾಳಿ, ಅಲೆ: ವಿದ್ಯುತ್ ದೋಣಿ ನಡೆಸುವುದು ಹೇಗೆ?

ಕೇರಳದ ವೇಂಬನಾಡು ಕಾಯಲಿನಲ್ಲಿ, ವೈಕಂ ಮತ್ತು ತವಣಕ್ಕಡವುಗಳ ನಡುವೆ 2017ರಲ್ಲಿ ಸಂಚಾರ ಆರಂಭಿಸಿದ 75 ಆಸನಗಳ ಸೌರದೋಣಿ ‘ಆದಿತ್ಯ’, ಹಿನ್ನೀರಿನ ಸಾರಿಗೆಗೆ ಬ್ಯಾಟರಿ ಸಾಕು ಎಂಬುದನ್ನು ತೋರಿಸಿಕೊಟ್ಟಿದೆ. ಆದರೆ ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಗಂಗೊಳ್ಳಿಯ ಪಂಚಗಂಗಾವಳಿಯಂಥ ಅಳಿವೆಗಳಲ್ಲಿ ಭರತ-ಇಳಿತಗಳ ಸೆಳವಿಗೆ ಮಧ್ಯಾಹ್ನದ ಕಡಲಗಾಳಿಯೂ ಸೇರಿಕೊಳ್ಳುವುದರಿಂದ, ಅಲ್ಲಿ ಸಣ್ಣ ವಿದ್ಯುತ್ ದೋಣಿ ನಡೆಸುವವರು ಡೀಸೆಲ್ ದೋಣಿಯವರಿಗೆ ಬೇಕಿಲ್ಲದ ಕೆಲವು ಲೆಕ್ಕಗಳನ್ನು ಕಲಿಯಲೇಬೇಕು.

ಮೊದಲ ಕೆಲಸ ದೋಣಿಯ ಹಸಿವನ್ನು ಅಳೆಯುವುದು. ಗಾಳಿಯಿಲ್ಲದ ಬೆಳಿಗ್ಗೆ ಒಂದೇ ದಾರಿಯನ್ನು ಎರಡೂ ದಿಕ್ಕಿನಲ್ಲಿ ಕ್ರಮಿಸಿ, ಜಿಪಿಎಸ್ ತೋರಿಸುವ ವೇಗವನ್ನೂ ಮೀಟರಿನಲ್ಲಿ ಕಾಣುವ ವ್ಯಾಟ್‌ಗಳನ್ನೂ ಬರೆದುಕೊಂಡು ಸರಾಸರಿ ತೆಗೆಯಬೇಕು. ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗ ಇಮ್ಮಡಿಯಾದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಗಂಟೆಗೆ 5 ಕಿ.ಮೀ. ವೇಗಕ್ಕೆ 1 ಕಿಲೋವ್ಯಾಟ್ ಸಾಕಾಗುವ ದೋಣಿಯಲ್ಲಿ ಬಳಸಬಹುದಾದ ವಿದ್ಯುತ್ 8 ಯೂನಿಟ್ ಇದೆಯೆಂದುಕೊಳ್ಳಿ. ಅದೇ ವೇಗದಲ್ಲಿ 40 ಕಿ.ಮೀ. ಹೋಗಬಹುದು, 10 ಕಿ.ಮೀ. ವೇಗದಲ್ಲಿ ಹೋದರೆ ಒಂದೇ ಗಂಟೆಗೆ, 10 ಕಿ.ಮೀ. ದೂರಕ್ಕೇ, ಎಲ್ಲ ಮುಗಿಯುತ್ತದೆ.

ಹಾಗೆಂದು ಸದಾ ನಿಧಾನವಾಗಿ ಹೋಗುವುದೇ ಉಳಿತಾಯವೆಂದು ಭಾವಿಸಿದವರು ಎದುರು ಸೆಳವಿನಲ್ಲಿ ಸೋಲುತ್ತಾರೆ. ಗಂಟೆಗೆ 4 ಕಿ.ಮೀ. ಸೆಳವಿಗೆ ಎದುರಾಗಿ 5 ಕಿ.ಮೀ. ವೇಗದಲ್ಲಿ ನಡೆಸಿದರೆ, ಗಂಟೆಯಿಡೀ ಮೋಟಾರು ದುಡಿದರೂ ದೋಣಿ ಮುಂದೆ ಹೋಗುವುದು 1 ಕಿ.ಮೀ. ಮಾತ್ರ, ಅಂದರೆ ಪ್ರತಿ ಕಿ.ಮೀ.ಗೆ 1 ಯೂನಿಟ್ ಖರ್ಚು. ವೇಗವನ್ನು 6 ಕಿ.ಮೀ.ಗೆ ಏರಿಸಿದರೆ ಈ ಖರ್ಚು ಸುಮಾರು 0.86 ಯೂನಿಟ್‌ಗೆ ಇಳಿಯುತ್ತದೆ, 8 ಕಿ.ಮೀ.ಗೆ ಏರಿಸಿದರೆ ಮತ್ತೆ 1 ಯೂನಿಟ್ ದಾಟುತ್ತದೆ. ಆದ್ದರಿಂದ ಸೆಳವಿನ ಒಂದೂವರೆ ಪಟ್ಟು ವೇಗವನ್ನು ಗುರಿಯಾಗಿಟ್ಟುಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಲಂಗರು ಹಾಕಿ ಕಾಯುವುದು, ಏಕೆಂದರೆ ನಮ್ಮ ಕರಾವಳಿಯಲ್ಲಿ ಸುಮಾರು ಆರು ಗಂಟೆಗೊಮ್ಮೆ ನೀರಿನ ದಿಕ್ಕು ಬದಲಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳವು ಹೆಚ್ಚಿರುವುದರಿಂದ ಆ ದಿನಗಳಲ್ಲಿ ಭರತ-ಇಳಿತಗಳ ವೇಳಾಪಟ್ಟಿ ನೋಡದೆ ದೋಣಿ ಬಿಚ್ಚಬಾರದು.

ಸಾಧ್ಯವಾದಾಗಲೆಲ್ಲ ಹೋಗುವಾಗ ಸೆಳವಿಗೆದುರಾಗಿ ಹೋಗಿ, ಬರುವಾಗ ಅದರ ಜೊತೆಗೆ ಬರುವಂತೆ ಹೊರಡುವ ಸಮಯವನ್ನು ಹೊಂದಿಸಿಕೊಳ್ಳಿ. ಎಲ್ಲಿ ತಿರುಗಬೇಕೆಂಬುದನ್ನು ದೂರದಿಂದಲ್ಲ, ಉಳಿದ ಯೂನಿಟ್‌ಗಳಿಂದ ತೀರ್ಮಾನಿಸಬೇಕು: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಮುಟ್ಟಬಾರದ ಪಾಲು.

ಇಳಿತದ ನೀರು ಕಡಲಿನತ್ತ ನುಗ್ಗುವಾಗ ಪಡುವಣ ಗಾಳಿಯ ಅಲೆಗಳು ಅದಕ್ಕೆ ಎದುರಾದರೆ, ಅಳಿವೆಯ ಬಾಗಿಲಲ್ಲಿ ಗಿಡ್ಡವಾದ, ಕಡಿದಾದ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ನದಿಗೆಂದು ಕಟ್ಟಿದ ಸಣ್ಣ ದೋಣಿ ಅಲ್ಲಿಗೆ ಹೋಗಲೇಬಾರದು, ಮಳೆಗಾಲದಲ್ಲಂತೂ ಆ ಯೋಚನೆಯೇ ಬೇಡ. ಒಳಗಿನ ವಿಶಾಲ ನೀರಿನಲ್ಲಿ ಅಲೆ ಎದ್ದರೆ ಅದಕ್ಕೆ ಅಡ್ಡ ಬದಿ ಕೊಡದೆ, ದೋಣಿಯ ಮೂತಿ ಅಲೆಗೆ ತುಸು ಓರೆಯಾಗಿರುವಂತೆ ಚುಕ್ಕಾಣಿ ಹಿಡಿಯಿರಿ. ಹಿಂಭಾಗ ಎತ್ತಿ ಪ್ರೊಪೆಲರ್ ಗಾಳಿಯಲ್ಲಿ ತಿರುಗಿದಾಗ ಮೋಟಾರು ಕಿರುಚಿಕೊಳ್ಳುತ್ತದೆ. ಆ ಕ್ಷಣ ಥ್ರಾಟಲ್ ಇಳಿಸಿ, ಪ್ರೊಪೆಲರ್ ನೀರಿಗಿಳಿದ ಮೇಲೆ ಮೆಲ್ಲಗೆ ಏರಿಸಬೇಕು. ವಿದ್ಯುತ್ ಮೋಟಾರು ಇಂಥ ಸೂಕ್ಷ್ಮ ಹತೋಟಿಗೆ ತಕ್ಷಣ ಸ್ಪಂದಿಸುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಸದ್ದಿಲ್ಲದಿರುವುದು ಮಾತ್ರ ಎರಡಲಗಿನ ಗುಣ: ಬಲೆ ಬಿಡುತ್ತಿರುವವರಿಗೆ ನೀವು ಬಂದದ್ದು ಕೇಳಿಸದು, ಹಾರ್ನ್ ಕೈಗೆಟಕುವಂತಿರಲಿ.

ವೇಗ ಇಳಿದು ವ್ಯಾಟ್ ಏರಿದರೆ ಪ್ರೊಪೆಲರಿಗೆ ಕಳೆಯೋ ಬಲೆಯ ದಾರವೋ ಸುತ್ತಿದೆಯೆಂದು ತಿಳಿದು, ವಿದ್ಯುತ್ ಸ್ವಿಚ್ಚನ್ನು ಪೂರ್ತಿ ಕಡಿದ ನಂತರವೇ ಕೈಹಾಕಿ ಬಿಡಿಸಬೇಕು.

ಶಕ್ತಿ ಸಂಪೂರ್ಣ ನಿಂತುಹೋದರೆ ಮೊದಲು ಲಂಗರು, ಆಮೇಲೆ ಫೋನು. ಭರತ ಏರಿದಾಗಿನ ಆಳದ ಕನಿಷ್ಠ ಐದು ಪಟ್ಟು ಹಗ್ಗ ಬಿಟ್ಟರೆ ಲಂಗರು ಕಚ್ಚಿಕೊಳ್ಳುವ ಸಂಭವ ಹೆಚ್ಚು. ದೋಣಿ ಕಡಲಿನತ್ತ ತೇಲುತ್ತಿದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ. ಜೀವರಕ್ಷಕ ಜಾಕೆಟ್ ಹೊರಡುವಾಗಲೇ ಎಲ್ಲರ ಮೈಮೇಲಿರಬೇಕು, ಸೀಟಿನ ಕೆಳಗಲ್ಲ.

ದಡ ಸೇರಿದ ಮೇಲೆ ಮೋಟಾರನ್ನು ಸಿಹಿನೀರಿನಲ್ಲಿ ತೊಳೆದು, ಕನೆಕ್ಟರುಗಳ ಉಪ್ಪುನೀರನ್ನು ಒರೆಸಿ, ಅವು ಚೆನ್ನಾಗಿ ಒಣಗಿದ ನಂತರವೇ ಚಾರ್ಜರ್ ಜೋಡಿಸಬೇಕು.