ಎಂಜಿನ್ ಮುಟ್ಟದೆ ಟ್ರೇಲರ್ ಎಳೆಯೋ ಹಾಗೆ ಗಾಡಿ ರೆಡಿ ಮಾಡಿದ್ದು: ನನ್ನ ಅನುಭವ

ಗಾಡಿ ಕೊನೆಗೂ ನಾನು ಅಂದ್ಕೊಂಡಿದ್ದ ಹದಕ್ಕೆ ಬಂದಿದೆ, ಅದಕ್ಕೇ ಬರೀತಿದೀನಿ. ಎಂಜಿನ್ ಟ್ಯೂನ್ ಮಾಡಿಸ್ದೆ, 4 ಇಂಚು ಲಿಫ್ಟ್ (ಸಸ್ಪೆನ್ಶನ್ ಎತ್ತರ ಮಾಡೋದು) ಇಲ್ದೆ, 35 ಇಂಚಿನ ಟೈರ್ ಇಲ್ದೆ ಮರಳಲ್ಲಿ ಟ್ರೇಲರ್ ಎಳ್ಕೊಂಡು ಹೋಗೋದು ಆಗದ ಕೆಲಸ ಅಂತ ತುಂಬಾ ಜನ ಹೇಳಿದ್ರು, ಅದ್ರಲ್ಲಿ ನನಗಿಂತ ಹಳಬರೂ ಇದ್ರು. ಈಗ ಅದೇ ಗಾಡಿ, 33 ಇಂಚಿನ ಟೈರು, 2 ಇಂಚಿಗಿಂತ ಸ್ವಲ್ಪ ಕಮ್ಮಿ ಲಿಫ್ಟು, ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರೋ 2.8 ಲೀಟರ್ ಡೀಸೆಲ್ಲು, ಹಿಂದೆ ಸುಮಾರು 1250 ಕೆಜಿ ಟ್ರೇಲರು, ಇಷ್ಟಿಟ್ಕೊಂಡು ಮರಳು, ಜಲ್ಲಿ, ಉದ್ದದ ಏರು ಎಲ್ಲಾ ಕಡೆ ಓಡ್ತಿದೆ, ಟೆಂಪರೇಚರ್ ಮುಳ್ಳು ಅಲ್ಲಾಡಲ್ಲ. ಲ್ಯಾಡರ್ ಫ್ರೇಮ್ ಪಿಕಪ್, ಡಬಲ್ ಕ್ಯಾಬ್, ಮ್ಯಾನುಯಲ್ ಗೇರು, ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಬೇಸಿಕ್ಸ್ ನಿಮಗೆ ಗೊತ್ತಿರತ್ತೆ, ಅದನ್ನೆಲ್ಲ ಬಿಟ್ಟು ಕೆಲಸಕ್ಕೆ ಬಂದಿದ್ದು, ಬರದೇ ಇದ್ದಿದ್ದು ಎರಡನ್ನೇ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು ಗಾಡಿನ ವೇ ಬ್ರಿಡ್ಜ್ ಹತ್ತಿಸಿ. ಒಟ್ಟು ತೂಕ ಒಂದೇ ನೋಡ್ಕೊಂಡು ಬರೋದಲ್ಲ, ಮುಂದಿನ ಆಕ್ಸಲ್ ಬೇರೆ, ಹಿಂದಿನ ಆಕ್ಸಲ್ ಬೇರೆ, ಟ್ರೇಲರ್ ಸಿಗಿಸಿ ಒಂದ್ಸಲ, ಬಿಚ್ಚಿ ಒಂದ್ಸಲ. ಡೀಸೆಲ್, ನೀರು ಫುಲ್ ಮಾಡ್ಕೊಂಡು, ಹೋಗೋ ಜನನೂ ಒಳಗೆ ಕೂತಿರ್ಬೇಕು. ನನ್ನ ಗಾಡಿ ಜಿವಿಎಂ (ಲೋಡ್ ಸೇರಿ ಗಾಡಿ ಇರಬಹುದಾದ ಗರಿಷ್ಠ ತೂಕ) 3050 ಕೆಜಿ, ಮೊದಲ ಸಲ ತೂಗ್ದಾಗ ಟ್ರೇಲರ್ ಬಾಲ್ ಭಾರ (ಟ್ರೇಲರ್ ಮೂತಿ ಗಾಡಿ ಹಿಂದಿನ ಕೊಂಡಿ ಮೇಲೆ ಹಾಕೋ ಭಾರ) ಸೇರಿ 2980 ಹತ್ರ ಬಂತು. ಒಳಗೇ ಇದೆ ಅಂತ ಎಲ್ರೂ ಖುಷಿ ಪಟ್ಕೊಂಡು ಬಿಡೋದು ಇಲ್ಲೇ. ಬಿಡಿಬಿಡಿಯಾಗಿ ನೋಡಿದ್ರೆ ಹಿಂದಿನ ಆಕ್ಸಲ್ ಮೇಲೆ 1790, ಅದ್ರ ಲಿಮಿಟ್ 1700. ಮುಂದೆ ನೋಡಿದ್ರೆ ಬುಲ್ ಬಾರು ವಿಂಚು ಎಲ್ಲಾ ಇದ್ದೂ 1190 ಅಷ್ಟೇ.

ಕಾರಣ ಹುಡುಕಿದಾಗ ಸಿಕ್ಕಿದ್ದು ಹಿಂದಿನ ಬಂಪರ್. ಎರಡು ಸ್ಪೇರ್ ವೀಲ್ ನೇತಾಕೋ ಸ್ವಿಂಗ್ ಆರ್ಮ್ ಬಂಪರ್ ಅದು, ನೋಡಕ್ಕೆ ಭಾರಿ ಚೆನ್ನಾಗಿತ್ತು, ಎಲ್ಲಾ ಸೇರಿ ಹೆಚ್ಚುಕಮ್ಮಿ 90 ಕೆಜಿ. ಅದು ಕೂತಿದ್ದು ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ, ವೀಲ್‌ಬೇಸ್ 3.1 ಮೀಟರ್. ಲೆಕ್ಕ ಹಾಕಿ ನೋಡಿ, ಆ 90 ಕೆಜಿ ಹಿಂದಿನ ಆಕ್ಸಲ್ ಮೇಲೆ ಹಾಕೋ ಭಾರ ಸುಮಾರು 120 ಕೆಜಿ, ಜಾಸ್ತಿಯಾದ 30 ಕೆಜಿನ ಮುಂದಿನ ಆಕ್ಸಲ್‌ನಿಂದ ಕಿತ್ಕೊಂಡಿರತ್ತೆ. ಬಾಲ್ ಮೇಲಿನ ಭಾರಕ್ಕೂ ಇದೇ ಲೆಕ್ಕ, ಬಾಲ್ ಇನ್ನೂ ಹಿಂದೆ ಇರತ್ತೆ. ಮೂತಿ ಎತ್ಕೊಂಡು, ಸ್ಟೀರಿಂಗ್ ಹಗುರ ಆಗಿ, ಹೈವೇಲಿ ತೇಲಿದ ಹಾಗೆ ಹೋಗೋ ಗಾಡಿಗಳೆಲ್ಲ ಈ ಕೇಸೇ. ಅದಕ್ಕೆ ಇನ್ನೂ ದಪ್ಪ ಸ್ಪ್ರಿಂಗ್ ಹಾಕಿದ್ರೆ ಗಾಡಿ ಲೆವೆಲ್ ಆಗಿ ಕಾಣತ್ತೆ, ಆಕ್ಸಲ್ ಮೇಲಿನ ಭಾರ ಒಂದು ಕೆಜಿನೂ ಇಳಿಯಲ್ಲ.

ಆ ಬಂಪರ್ ಕಿತ್ತು ಮಾರ್ದೆ, ಕೊಟ್ಟ ದುಡ್ಡಲ್ಲಿ ಮೂರನೇ ಒಂದು ಭಾಗನೂ ವಾಪಸ್ ಬರ್ಲಿಲ್ಲ, ಬೇಜಾರಿಲ್ಲ. ಒಂದು ಸ್ಪೇರ್ ಕಂಪನಿ ಕೊಟ್ಟ ಜಾಗಕ್ಕೇ ಹೋಯ್ತು, ಇನ್ನೊಂದು ಟ್ರೇಲರ್ ಮುಂದಿನ ಎ-ಫ್ರೇಮ್ (ಕೊಂಡಿ ಕಡೆಯ ತ್ರಿಕೋನ ಚೌಕಟ್ಟು) ಮೇಲೆ. 60 ಕೆಜಿ ರೂಫ್ ಟೆಂಟ್ ಟ್ರೇಲರ್ ಮೇಲೆ ಹೋಯ್ತು. ನೀರಿನ ಟ್ಯಾಂಕ್ 80 ಲೀಟರ್ ಅಂದ್ರೆ 80 ಕೆಜಿ, ಅದನ್ನ ಟಬ್ (ಪಿಕಪ್ಪಿನ ಸಾಮಾನು ಹಾಕೋ ತೊಟ್ಟಿ) ಹಿಂದಿನಿಂದ ತಂದು ಹಿಂದಿನ ಸೀಟ್ ಕೆಳಗಿನ ಜಾಗದಲ್ಲಿ ಅರ್ಧ, ಟಬ್ಬಿನ ಮುಂಗೋಡೆಗೆ ಅಂಟಿಸಿ ಅರ್ಧ ಕೂರಿಸ್ದೆ. ಇಷ್ಟಾದ್ಮೇಲೆ ಹಿಂದೆ 1560, ಮುಂದೆ 1230 ಆಸುಪಾಸು. ಒಂದು ಪಾರ್ಟೂ ಹೊಸದಾಗಿ ಕೊಳ್ಳದೆ ಗಾಡಿ ಓಡೋ ರೀತೀನೇ ಬದಲಾಯ್ತು. ಸಸ್ಪೆನ್ಶನ್ ತಗೊಳ್ಳೋರು ದಯವಿಟ್ಟು ಇದು ಮುಗಿದ ಮೇಲೆ ತಗೊಳ್ಳಿ. ತೂಕ ಗೊತ್ತಿಲ್ಲದೆ ಸ್ಪ್ರಿಂಗ್ ರೇಟ್ ಆರಿಸೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನು ಎಂಜಿನ್ ವಿಷಯ. ಟ್ಯೂನಿಂಗ್ ಬಾಕ್ಸ್ (ಎಂಜಿನ್ ಪವರ್ ಹೆಚ್ಚಿಸೋ ಎಲೆಕ್ಟ್ರಾನಿಕ್ ಡಬ್ಬಿ) ಹಾಕಿ ನೋಡಿದೀನಿ, ಹಾಕದೆ ಮಾತಾಡ್ತಿಲ್ಲ. ಖಾಲಿ ಗಾಡೀಲಿ ಸಕತ್ತಾಗಿತ್ತು. ಟ್ರೇಲರ್ ಹಾಕ್ಕೊಂಡು ಉದ್ದದ ಏರಿಗೆ ಬಿಟ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡಲ್ಲಿ ಟರ್ಬೋಗಿಂತ ಮುಂಚೆ ಕೂರಿಸಿದ ಟೆಂಪರೇಚರ್ ಪ್ರೋಬು 700 ಡಿಗ್ರಿ ದಾಟಿ ಹೋಗ್ತಿತ್ತು, ಕಾಲು ತೆಗೀಲೇಬೇಕು, ಕಾಲು ತೆಗೆದ್ಮೇಲೆ ಆ ಹೆಚ್ಚಿನ ಪವರ್ ಇದ್ದೂ ಏನು ಉಪಯೋಗ? ಆಮೇಲೆ ಕ್ಲಚ್ ಜಾರಕ್ಕೆ ಶುರು ಆಯ್ತು, ಹೆವಿ ಡ್ಯೂಟಿ ಕ್ಲಚ್ ಹಾಕ್ಸಿದ್ದಾಯ್ತು. ಬಾಕ್ಸಿನ ದುಡ್ಡು ಕ್ಲಚ್ಚಿನ ದುಡ್ಡು ಎರಡೂ ಕೂಡಿದ್ರೆ ಎರಡೂ ಡಿಫ್ (ಆಕ್ಸಲ್ ಮಧ್ಯದ ಡಿಫರೆನ್ಶಿಯಲ್) ಗೇರ್ ಬದಲಾಯಿಸೋ ಖರ್ಚಿನ ಹತ್ರ ಹತ್ರ ಬಂದುಬಿಡತ್ತೆ. ಆ ಲೆಕ್ಕ ನೋಡಿದ ದಿನವೇ ಬಾಕ್ಸ್ ಕಿತ್ತೆ.

ಅಸಲಿ ತೊಂದರೆ ಪವರ್ರಲ್ಲ, ಗೇರಿಂಗ್. ಕಂಪನಿ ಟೈರ್ 30.5 ಇಂಚು, ಅದ್ರ ಮೇಲೆ 33 ಹಾಕಿದ್ರೆ ಗೇರು ಸುಮಾರು 8 ಪರ್ಸೆಂಟ್ ಉದ್ದ ಆಗತ್ತೆ. 3.9 ಡಿಫ್ ರೇಶಿಯೋ (ವೀಲ್ ಒಂದು ಸುತ್ತು ಸುತ್ತಕ್ಕೆ ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗತ್ತೆ ಅನ್ನೋದು) ಇದ್ದಿದ್ದು 3.6 ಇದ್ದ ಹಾಗೆ ಓಡತ್ತೆ. ಟಾಪ್ ಗೇರಲ್ಲಿ 90ಕ್ಕೆ ಮೊದಲು 1900 ಆರ್‌ಪಿಎಂ ತೋರಿಸ್ತಿತ್ತು, ದೊಡ್ಡ ಟೈರ್ ಹಾಕಿದ್ಮೇಲೆ 1750, ಅಲ್ಲಿ ಟರ್ಬೋ ಸರಿಯಾಗಿ ಎದ್ದಿರಲ್ಲ, ಸಣ್ಣ ಏರಿಗೂ ಗೇರ್ ಇಳಿಸ್ಬೇಕು, ಎದುರುಗಾಳಿ ಇದ್ರಂತೂ ಟಾಪ್ ಗೇರ್ ಇರೋದೇ ಸುಮ್ಮನೆ. ಮುಂದೆ ಹಿಂದೆ ಎರಡೂ ಡಿಫ್‌ಗೆ 4.56 ಹಾಕಿಸ್ದೆ (ಎರಡೂ ಒಂದೇ ರೇಶಿಯೋ ಇರ್ಲೇಬೇಕು, ಒಂದನ್ನ ಈಗ ಇನ್ನೊಂದನ್ನ ಆಮೇಲೆ ಅಂದ್ಕೊಂಡು 4ಎಚ್‌ಗೆ, ಅಂದ್ರೆ ನಾಲ್ಕೂ ವೀಲ್ ಎಳೆಯೋ ಮೋಡಿಗೆ ಹಾಕಿದ್ರೆ, ಎರಡೂ ಆಕ್ಸಲ್‌ಗೆ ಪವರ್ ಹಂಚೋ ಟ್ರಾನ್ಸ್‌ಫರ್ ಕೇಸ್ ಹೋಗತ್ತೆ). ಈಗ 90ಕ್ಕೆ 2050, ಟರ್ಬೋ ಸದಾ ಎಚ್ಚರ ಇರತ್ತೆ, ಲೋ ರೇಂಜಲ್ಲಿ ತೆವಳೋ ಸ್ಪೀಡೂ ಇಳಿದಿದೆ, ಕಲ್ಲಿನ ಇಳಿಜಾರಲ್ಲಿ ಟ್ರೇಲರ್ ತಳ್ತಾ ಇದ್ರೂ ಬ್ರೇಕ್ ಮೇಲೆ ಕಾಲು ಕಮ್ಮಿ. "ಡೀಸೆಲ್ ಕುಡಿದು ಮುಗಿಸತ್ತೆ ನೋಡು" ಅಂದಿದ್ರು. ಟ್ರೇಲರ್ ಇಲ್ದೆ ಓಡಿಸ್ವಾಗ ಚೂರು ಜಾಸ್ತಿ ಕುಡಿಯತ್ತೆ ನಿಜ. ಟ್ರೇಲರ್ ಇದ್ದಾಗ ಮೊದಲು 100 ಕಿಲೋಮೀಟರಿಗೆ 17 ಲೀಟರ್ ಹತ್ರ ಹೋಗ್ತಿದ್ದಿದ್ದು ಈಗ 15ರ ಆಸುಪಾಸಲ್ಲಿದೆ.

ಆದ್ರೆ ಇದು ಸಲೀಸಾಗಿ ಆಗ್ಲಿಲ್ಲ. ಮೊದಲು ಕೊಟ್ಟ ವರ್ಕ್‌ಶಾಪಲ್ಲಿ ಪಿನಿಯನ್ (ಡಿಫ್ ಒಳಗಿನ ಸಣ್ಣ ಗೇರು) ಬೇರಿಂಗ್ ಪ್ರೀಲೋಡ್ ಅಂದಾಜಲ್ಲಿ ಬಿಗಿ ಮಾಡಿದ್ರು, 60-70ರಲ್ಲಿ ಆಕ್ಸಲರೇಟರ್ ಬಿಟ್ರೆ ಕೊಯ್ ಅಂತ ಒಂದೇ ಸಮ ಕೂಗು. ಓಡ್ತಾ ಓಡ್ತಾ ಸರಿ ಹೋಗತ್ತೆ ಅಂದ್ರು, ಗೇರ್ ಕೂಗು ಯಾವತ್ತೂ ತಾನಾಗೇ ಸರಿ ಹೋಗಲ್ಲ. ಬೇರೆ ಕಡೆ ಬಿಚ್ಚಿಸಿ ಬಣ್ಣ ಹಚ್ಚಿ ತಿರುಗಿಸಿದಾಗ ಪ್ಯಾಟರ್ನ್ (ಗೇರ್ ಹಲ್ಲುಗಳು ಒಂದಕ್ಕೊಂದು ತಾಗೋ ಗುರುತು) ಹಲ್ಲಿನ ಒಂದು ತುದಿಗೆ ಹೋಗಿ ಕೂತಿತ್ತು. ಶಿಮ್ (ತೆಳು ಲೋಹದ ಬಿಲ್ಲೆ) ಬದಲಾಯಿಸ್ತಾ ಬದಲಾಯಿಸ್ತಾ ಮಧ್ಯಕ್ಕೆ ತರೋ ಹೊತ್ತಿಗೆ ಎರಡನೇ ಸಲದ ಲೇಬರ್ ಪೂರ್ತಿ ಕೈಬಿಟ್ಟು ಹೋಯ್ತು. ಪ್ಯಾಟರ್ನಿನ ಫೋಟೋ ತೋರಿಸಿ ಅಂತ ಮೊದಲೇ ಕೇಳಿ, ತೋರಿಸಲ್ಲ ಅಂದ ಕಡೆ ಗಾಡಿ ಬಿಡಬೇಡಿ. ರನ್ನಿಂಗ್ ಇನ್ ಕೂಡ ಬಿಟ್ಟುಕೊಡಬೇಡಿ, 20-30 ಕಿಲೋಮೀಟರ್ ಮೆಲ್ಲಗೆ ಓಡ್ಸಿ, ಪೂರ್ತಿ ತಣ್ಣಗಾಗೋವರೆಗೂ ನಿಲ್ಸಿ, ಹೀಗೆ ನಾಲ್ಕಾರು ಸಲ. ಮೊದಲ 800 ಕಿಲೋಮೀಟರ್ ಟ್ರೇಲರ್ ಹಾಕ್ಲೇಬಾರ್ದು, ಅಷ್ಟಾದ್ಮೇಲೆ ಆಯಿಲ್ ಚೇಂಜ್.

ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್) ಹೋದ ದುಡ್ಡೇ ನನಗೆ ಜಾಸ್ತಿ ನೋವು. ಮೊದಲ ಸೆಟ್ ತೆಳು ಬಾಡಿಯ ಟ್ವಿನ್ ಟ್ಯೂಬು, ಕೊರುಗೇಶನ್ (ಅಲೆ ಅಲೆಯಾಗಿ ಗಡಗಡ ಅನ್ನೋ ಮಣ್ಣುರಸ್ತೆ) ಮೇಲೆ ಒಂದು ಗಂಟೆ ಓಡಿದ್ರೆ ಬಿಸಿಯಾಗಿ ಆಯಿಲ್ ನೀರಾಗಿ ಹಿಂಭಾಗ ಎಲ್ಲೆಲ್ಲೋ ಹೋಗ್ತಿತ್ತು. ಇಲ್ಲಿ ಒಂದು ವಿಷಯ ಗಮನಿಸ್ದೆ, ಇನ್‌ಫ್ರಾರೆಡ್ ಟೆಂಪರೇಚರ್ ಗನ್ ಇದ್ರೆ ಡ್ಯಾಂಪರ್ ಸತ್ತಿದ್ಯೋ ಬದುಕಿದ್ಯೋ ಗಾಡಿ ಕೆಳಗೆ ಮಲಗದೇ ಹೇಳ್ಬಹುದು. ಕೊರುಗೇಶನ್ ಮುಗಿದ ತಕ್ಷಣ ನಿಲ್ಸಿ ನಾಲ್ಕಕ್ಕೂ ಹಿಡೀರಿ. ನಂದು ಮೂರು 85-90 ಡಿಗ್ರಿ, ಹಿಂದಿನ ಎಡಗಡೇದು ಮಾತ್ರ 45. ಬಿಸಿ ಆಗಿರೋದು ಕೆಲಸ ಮಾಡ್ತಿದೆ, ತಣ್ಣಗಿರೋದು ಹೋಗಿದೆ. ಆಯಿಲ್ ಲೀಕ್ ಒಂದು ಹನಿನೂ ಇರ್ಲಿಲ್ಲ, ಬರೀ ಕಣ್ಣಲ್ಲಿ ನೋಡಿದ್ರೆ ಹೊಸದರ ಹಾಗಿತ್ತು. ಆಮೇಲೆ ದಪ್ಪ ಬಾಡಿಯ ಫೋಮ್ ಸೆಲ್ ಹಾಕಿದೀನಿ, ಆಯಿಲ್ ಜಾಸ್ತಿ ಹಿಡಿಯತ್ತೆ, ಬಿಸಿಯಾಗಕ್ಕೆ ಟೈಮ್ ತಗೊಳತ್ತೆ. ಲೀಫ್ ಪ್ಯಾಕ್ ಒಳಗೆ ಎಲೆಗಳ ಮಧ್ಯೆ ಏನು ಹಾಕಿದೀನಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ, ಅದನ್ನ ಕಂಡುಹಿಡಿಯಕ್ಕೆ ನನಗೆ ಎರಡು ಪ್ಯಾಕ್ ಹಾಳಾಗಿದೆ. ನಿಶ್ಶಬ್ದ ಓಡತ್ತೆ, ಕೀಚ್ ಅನ್ನಲ್ಲ, ಅಷ್ಟು ಹೇಳ್ತೀನಿ.

ಸ್ಪ್ರಿಂಗ್ ಜೊತೆಗೆ ಭಾರ ಹೊರೋ, ಗಾಳಿ ತುಂಬೋ ಏರ್ ಬ್ಯಾಗ್ ಹಾಕೋ ಅಂದವ್ರು ಇದ್ರು. ಲೀಫ್ ಗಾಡಿಗೆ ಅದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಲೀಫ್ ಸ್ಪ್ರಿಂಗ್ ಭಾರನ ಮುಂದೊಂದು ಹಿಂದೊಂದು ಹ್ಯಾಂಗರ್‌ಗೆ ಹಂಚತ್ತೆ, ಬ್ಯಾಗ್ ಅದನ್ನೇ ಆಕ್ಸಲ್ ಮೇಲಿನ ಒಂದು ಜಾಗದಲ್ಲಿ ಚ್ಯಾಸಿಗೆ ಒತ್ತತ್ತೆ. ಹಿಂದೆ ಬಾಲ್ ಮೇಲೆ ಭಾರ ನೇತಾಡ್ತಾ ಇರತ್ತೆ, ಗಾಡಿ ಹಳ್ಳಕ್ಕೆ ಬಿದ್ದ ಕೂಡ್ಲೇ ಚ್ಯಾಸಿ ಆ ಜಾಗದಲ್ಲೇ ಮಡಚ್ಕೊಳ್ಳತ್ತೆ. ಗೆಳೆಯನ ಗಾಡೀಲಿ ಟಬ್ಬಿಗೂ ಕ್ಯಾಬಿಗೂ ಮಧ್ಯದ ಗ್ಯಾಪ್ ಮೇಲ್ಗಡೆ ಅಗಲ, ಕೆಳಗಡೆ ಬೆರಳು ತೂರದಷ್ಟು ಸಣ್ಣ ಆಗಿತ್ತು, ಹಾಗೆ ಕಂಡ್ರೆ ಚ್ಯಾಸಿ ಬಗ್ಗಿದೆ ಅಂತಲೇ ಅರ್ಥ. ನೆಟ್ಟಗೆ ಮಾಡಿಸಿದ ಬಿಲ್ಲು ನನ್ನ ಇಡೀ ಸಸ್ಪೆನ್ಶನ್‌ಗಿಂತ ಜಾಸ್ತಿ.

ಲಿಫ್ಟ್ ಬಗ್ಗೆ ಒಂದೇ ಮಾತು, 2 ಇಂಚು ಮೀರಿದ್ರೆ ಸಿವಿ ಜಾಯಿಂಟ್ (ಮುಂದಿನ ವೀಲಿಗೆ ಪವರ್ ಕೊಡೋ ಕೀಲು) ಕೋನ ಕೆಡತ್ತೆ, ಕ್ಯಾಸ್ಟರ್ (ಸ್ಟೀರಿಂಗ್ ನೆಟ್ಟಗಿಡೋ ವಾಲಿಕೆ) ಇಳಿಯತ್ತೆ. ನಾನು ಮೇಲಿನ ಆರ್ಮ್ ಬದಲಾಯಿಸಿ ಕ್ಯಾಸ್ಟರ್ 3 ಡಿಗ್ರಿ ಮೇಲೆ ತಂದಿದೀನಿ, ಅಲೈನ್‌ಮೆಂಟ್ ಮಾಡಿಸ್ವಾಗ ಪೂರ್ತಿ ಲೋಡ್ ಇಟ್ಕೊಂಡೇ ಹೋಗಿದ್ದೆ. ಖಾಲಿ ಗಾಡಿ ತರಬೇಕು ಅಂತ ಅಲ್ಲಿ ವಾದ ಮಾಡಿದ್ರು, ನಾನು ಬಿಡ್ಲಿಲ್ಲ.

ಟ್ರೇಲರ್ ವಿಷಯದಲ್ಲಿ ಹೆಮ್ಮೆ ಪಡೋ ಕೆಲಸ ಅಂದ್ರೆ ವೀಲು. ಗಾಡೀದೂ ಟ್ರೇಲರ್‌ದೂ ಒಂದೇ ಸ್ಟಡ್ ಪ್ಯಾಟರ್ನ್ (ವೀಲ್ ಬೋಲ್ಟ್‌ಗಳ ಜೋಡಣೆ), ಒಂದೇ ಟೈರು, ಒಂದೇ ಟ್ರ್ಯಾಕ್ ಅಗಲ. ಸ್ಪೇರ್ ಎಲ್ಲಿಗೆ ಬೇಕಾದ್ರೂ ಆಗತ್ತೆ, ಮರಳಲ್ಲಿ ಗಾಡಿ ಒತ್ತಿಹೋದ ಜಾಡಲ್ಲೇ ಟ್ರೇಲರ್ ಬರತ್ತೆ, ಹೊಸ ಜಾಡು ಅಗೆಯಲ್ಲ. ಎಳೆಯೋ ಭಾರ ಕಮ್ಮಿ ಆಗಿದ್ದು ಗೇರಿಂಗ್ ಬಿಟ್ರೆ ಇದರಿಂದಲೇ. ಬಾಲ್ ಭಾರ ಟ್ರೇಲರ್ ತೂಕದ 10 ಪರ್ಸೆಂಟ್ ಸುತ್ತ ಇಟ್ಕೊಂಡಿದೀನಿ, ಅಂದ್ರೆ 120-130 ಕೆಜಿ. 50 ಎಂಎಂ ಬಾಲ್ ತೆಗೆದು ಎಲ್ಲಾ ಕಡೆ ತಿರುಗೋ ಆಫ್‌ರೋಡ್ ಕಪ್ಲಿಂಗ್ ಹಾಕ್ದೆ, ಅಡ್ಡ ಹಳ್ಳ ದಾಟುವಾಗ ಬಾಲ್ ಕಪ್ಲಿಂಗ್ ಕೋನ ಮುಗಿದು ಲೋಹ ಲೋಹ ಒತ್ತೋ ಸದ್ದು ಕೇಳಿದವ್ರಿಗೆ ಯಾಕೆ ಅಂತ ಗೊತ್ತು. ಬ್ರೇಕ್ ಎಲೆಕ್ಟ್ರಿಕ್ ಡ್ರಮ್ಮು, ಕಂಟ್ರೋಲರ್ ಬಲಗೈಗೆ ಸಿಗೋ ಜಾಗದಲ್ಲಿ. ಟ್ರೇಲರ್ ಓಲಾಡಕ್ಕೆ ಶುರು ಮಾಡಿದ್ರೆ ಗಾಡಿ ಬ್ರೇಕ್ ಒತ್ತಬಾರ್ದು, ಕಂಟ್ರೋಲರ್ ಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಹಿಡೀಬೇಕು, ಹಿಂದಿನಿಂದ ಎಳೆದು ನೆಟ್ಟಗಾಗತ್ತೆ. ಆ ಹೊತ್ತಲ್ಲಿ ಗುಂಡಿ ಹುಡುಕಕ್ಕೆ ಟೈಮ್ ಇರಲ್ಲ, ಅದಕ್ಕೇ ಜಾಗ ಮುಖ್ಯ.

ಟೈರ್ ಗಾಳಿ: ಟಾರಲ್ಲಿ ಹಿಂದೆ 38 ಪಿಎಸ್‌ಐ, ಜಲ್ಲೀಲಿ 27-28, ಮರಳಲ್ಲಿ 16-18. ಟ್ರೇಲರ್ ಟೈರ್ ಗಾಳಿನೂ ಇಳಿಸ್ಬೇಕು, ಎಷ್ಟೋ ಜನ ಗಾಡೀದು ಮಾತ್ರ ಇಳಿಸಿ ಟ್ರೇಲರ್‌ನ ನೇಗಿಲು ಮಾಡ್ಕೊಂಡು ಆಮೇಲೆ ಎಂಜಿನ್ ಪವರ್ ಸಾಲಲ್ಲ ಅಂತಾರೆ. ಸಿಕ್ಕಾಕೊಂಡ್ರೆ ಟ್ರೇಲರ್ ಮೊದಲು ಬಿಚ್ಚಿ, ಗಾಡಿ ಗಟ್ಟಿ ನೆಲಕ್ಕೆ ತಂದು ಆಮೇಲೆ ವಿಂಚಲ್ಲಿ ಎಳ್ಕೊಳ್ಳಿ. ಬಾಲ್‌ಗೆ ಸ್ನ್ಯಾಚ್ ಸ್ಟ್ರ್ಯಾಪ್ (ಸಿಕ್ಕಾಕೊಂಡ ಗಾಡಿ ಎಳೆಯೋ ಹಿಗ್ಗೋ ಪಟ್ಟಿ) ಯಾವ ಕಾರಣಕ್ಕೂ ಹಾಕಬೇಡಿ, ಕಿತ್ತು ಬಂದ್ರೆ ಗುಂಡಿನ ಹಾಗೆ ಹಾರತ್ತೆ, ಜನ ಸತ್ತಿದ್ದಾರೆ.

ವೈರಿಂಗಲ್ಲಿ ಒಂದು ಸಣ್ಣ ಪ್ರಯೋಗ ಮಾಡ್ದೆ. ಟ್ರೇಲರಲ್ಲಿ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ತೂಕ 12 ಕೆಜಿ ಚಿಲ್ಲರೆ, ಹಳೇ ಎಜಿಎಂ (ಲೆಡ್ ಆಸಿಡ್ ಥರದ್ದು) 30 ಕೆಜಿ ಇತ್ತು. ಗಾಡಿ ಕರೆಂಟಿಂದ ಟ್ರೇಲರ್ ಬ್ಯಾಟರಿ ಚಾರ್ಜ್ ಮಾಡೋ ಡಿಸಿ-ಡಿಸಿ ಚಾರ್ಜರ್‌ಗೆ ಮೊದಲು 6 ಎಂಎಂ ಚದರದ ವೈರು, ಬಾನೆಟ್ಟಿನಿಂದ ಟ್ರೇಲರ್ ತನಕ 9 ಮೀಟರ್, ಹೋಗಿ ಬರೋದು ಸೇರಿ 18. 25 ಆಂಪಿಯರ್ ಎಳೆದಾಗ 1.4 ವೋಲ್ಟ್ ದಾರೀಲೇ ಹೋಗ್ತಿತ್ತು, ಚಾರ್ಜರ್ ಆನ್ ಆಫ್ ಆನ್ ಆಫ್. ಚಾರ್ಜರೇ ಕೆಟ್ಟಿದೆ ಅಂತ ಬದಲಾಯಿಸೋರು ಒಮ್ಮೆ ಮೀಟರ್ ಹಿಡಿದು ನೋಡಿ. 25 ಎಂಎಂ ಚದರದ ವೈರ್ ಎಳೆದ ಮೇಲೆ 0.3 ವೋಲ್ಟ್ ಅಷ್ಟೇ ಬೀಳತ್ತೆ.

ಇನ್ನೊಂದು ಪ್ರಯೋಗ ದುಡ್ಡಿಲ್ಲದೆ ಆಗಿದ್ದು. ಬುಲ್ ಬಾರ್ ಮಧ್ಯ ಎರಡು ದೊಡ್ಡ ಲೈಟ್, ಅದರ ಕೆಳಗೆ ಲೈಟ್ ಬಾರ್ ಇತ್ತು, ಏರಲ್ಲಿ ಕೂಲಂಟ್ 104-105 ತೋರಿಸ್ತಿತ್ತು. ದೊಡ್ಡ ರೇಡಿಯೇಟರ್ ಹಾಕು ಅಂದ್ರು. ಲೈಟ್ ಎರಡನ್ನೂ ಪಕ್ಕಕ್ಕೆ ಸರಿಸಿ, ಬಾರ್ ಕಿತ್ತು, ಇಂಟರ್‌ಕೂಲರ್ ರೇಡಿಯೇಟರ್ ಮಧ್ಯ ಸೇರಿದ್ದ ಹುಲ್ಲಿನ ಬೀಜ ಹಿಂದಿನಿಂದ ಗಾಳಿ ಹೊಡೆದು ತೆಗೆದೆ, ಅದೇ ಏರಲ್ಲಿ 97. ರೇಡಿಯೇಟರ್ ದುಡ್ಡು ಉಳೀತು. ಡಿಫ್ ಬ್ರೀದರ್‌ಗಳನ್ನೂ (ಒಳಗಿನ ಗಾಳಿ ಹೋಗಿ ಬರೋ ಕಿಂಡಿ) ಎತ್ತರಕ್ಕೆ ತಗೊಂಡು ಹೋಗಿ, ಟ್ರೇಲರ್ ಎಳೆದು ಕಾದಿರೋ ಡಿಫ್ ತಣ್ಣೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಂದ ನೀರು ಎಳ್ಕೊಳತ್ತೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಮುಗೀತು. ಹೋಸು, ಕ್ಲಾಂಪು ಬಿಟ್ರೆ ಖರ್ಚಿಲ್ಲ.

ಒಟ್ಟು ಖರ್ಚು ಹತ್ತು ಭಾಗ ಮಾಡಿದ್ರೆ ಡಿಫ್ ಎರಡು ಭಾಗ, ಸಸ್ಪೆನ್ಶನ್ ಎರಡೂವರೆ, ಟೈರು ವೀಲು ಎರಡು, ಕಪ್ಲಿಂಗು ಬ್ರೇಕು ವೈರಿಂಗು ಒಂದೂವರೆ, ಮಿಕ್ಕಿದ್ದೆಲ್ಲ ಕಿತ್ತು ಹಾಕಿದ ಸಾಮಾನಿಗೆ ಹೋಗಿದ್ದು. ಈಗ ಉಳಿದಿರೋದು ಟ್ರೇಲರ್ ಹಬ್ ಬೇರಿಂಗ್, ನೀರು ದಾಟಿದ ಮೇಲೆ ಪ್ರತಿ ಸಲ ಬಿಚ್ಚಿ ಗ್ರೀಸ್ ತುಂಬ್ತಿದೀನಿ, ಅದಕ್ಕೆ ಬೇರೆ ಥರದ ಸೀಲ್ ಒಂದು ತರಿಸಿದೀನಿ, ಒಂದು ಬದಿ ಹಬ್ಬಿಗೆ ಅದು, ಇನ್ನೊಂದು ಬದಿಗೆ ಹಳೇದೇ ಇಟ್ಟು ಓಡಿಸ್ತಾ ಇದೀನಿ. ಎರಡನ್ನೂ ಬಿಚ್ಚಿದ ಮೇಲೆ ಗ್ರೀಸಿನ ಬಣ್ಣ ಹೇಳ್ತೀನಿ.